ಮಂಜಿನಲ್ಲಿ ಮುಂದೆ ನಡೆಯುವವರು

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಒಂದು ಕ್ಲಬ್ ಇದೆ. ದುಡ್ಡು ಕಟ್ಟಿ, ಶಿಫಾರಸು ಹಿಡಿದು ಅದರ ಸದಸ್ಯರಾಗಲು ಬರುವುದಿಲ್ಲ. ಕೆಸಿಕ್ ಎಂಬ ಪೇಟೆಯ ನಡುವಿರುವ ಮೂಟ್ ಹಾಲ್ ಕಟ್ಟಡದ ಬಾಗಿಲಿನಿಂದ ಹೊರಟು, 42 ಬೆಟ್ಟಗಳ ನೆತ್ತಿ ಮುಟ್ಟಿ, 24 ಗಂಟೆಯೊಳಗೆ ಅದೇ ಬಾಗಿಲಿಗೆ ಮರಳಬೇಕು. ದಾರಿ ಸುಮಾರು 106 ಕಿಲೋಮೀಟರ್. ಹತ್ತಿದ್ದನ್ನೆಲ್ಲ ಕೂಡಿಸಿದರೆ 8,200 ಮೀಟರ್ ಆಸುಪಾಸು. ಇದರ ಹೆಸರು ಬಾಬ್ ಗ್ರಹಾಂ ರೌಂಡ್. ಇಷ್ಟು ಮಾಡಿದರೂ ಸಾಲದು. ಪ್ರತಿ ಶಿಖರದ ಮೇಲೂ ಓಟಗಾರನ ಜೊತೆ ಇನ್ನೊಬ್ಬರು ಇರಬೇಕು. ಒಬ್ಬಂಟಿಯಾಗಿ ಓಡಿ ಬಂದವನ ಕಾಲಿನ ಕಸುವನ್ನು ಕ್ಲಬ್ ಅನುಮಾನಿಸುವುದಿಲ್ಲ, ಆದರೆ ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುವುದೂ ಇಲ್ಲ.

ಮೇಲ್ನೋಟಕ್ಕೆ ಇದು ಸಾಕ್ಷಿಗಾಗಿ ಹಾಕಿದ ಷರತ್ತು. ಆದರೆ ಬೆಟ್ಟದ ಮೇಲೆ ಮೋಡ ಇಳಿದು ಕೂತ ದಿನ ಅದರ ಅರ್ಥವೇ ಬೇರೆ. ನನ್ನ ಮಟ್ಟಿಗೆ ಈ ಓಟಕ್ಕೆ ಈಗಿನ ರೂಪ ಕೊಟ್ಟದ್ದು 24 ಗಂಟೆಯ ಗಡುವಿಗಿಂತ ಹೆಚ್ಚಾಗಿ ಈ ಜೊತೆಗಾರರ ಷರತ್ತು.

ಬಾಬ್ ಗ್ರಹಾಂ ಕೆಸಿಕ್ ಬಳಿ ವಸತಿಗೃಹ ನಡೆಸುತ್ತಿದ್ದ ಸಾಧಾರಣ ಮನುಷ್ಯ. 1932ರ ಜೂನ್ 13 ಮತ್ತು 14ರ ನಡುವೆ, 23 ಗಂಟೆ 39 ನಿಮಿಷದಲ್ಲಿ ಈ ಸುತ್ತು ಮುಗಿಸಿದ. ಕಾಲಿಗೆ ಟೆನಿಸ್ ಬೂಟು, ಮೈಮೇಲೆ ಪೈಜಾಮದ ಅಂಗಿ, ಉದ್ದನೆಯ ಚಡ್ಡಿ. ತಿಂದದ್ದು ಬ್ರೆಡ್ಡು, ಬೆಣ್ಣೆ, ಹದವಾಗಿ ಬೆಂದ ಮೊಟ್ಟೆ, ಹಣ್ಣು, ಮಿಠಾಯಿ. ಬೂಟು ಸವೆಯಬಾರದೆಂದು ಅಭ್ಯಾಸದ ದಿನಗಳಲ್ಲಿ ಬೆಟ್ಟಗಳನ್ನು ಬರಿಗಾಲಲ್ಲಿ ಸುತ್ತಿದ್ದನಂತೆ. ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಅವನ ಸ್ನೇಹಿತರು ಸರದಿಯಂತೆ ಒಂದೊಂದು ಹಂತದಲ್ಲಿ ಅವನ ಜೊತೆ ಹೆಜ್ಜೆ ಹಾಕಿದ್ದರು ಎನ್ನುವುದು ಅಡಿಟಿಪ್ಪಣಿಯಂತೆ ಕೊನೆಗೆ ಬರುತ್ತದೆ, ಬಾರದೆಯೂ ಇರುತ್ತದೆ. ಮುಂದಿನ 28 ವರ್ಷ ಇದನ್ನು ಇನ್ನೊಬ್ಬರು ಮಾಡಿ ತೋರಿಸಲಿಲ್ಲ. 1960ರಲ್ಲಿ ಆಲನ್ ಹೀಟನ್ 22 ಗಂಟೆ 18 ನಿಮಿಷದಲ್ಲಿ ಮುಗಿಸಿದ. 1971ರಲ್ಲಿ ಫ್ರೆಡ್ ರೋಜರ್ಸನ್ ಮುಂದೆ ನಿಂತು ಕ್ಲಬ್ ಕಟ್ಟಿದ. 1977ರಲ್ಲಿ ಜೀನ್ ಡಾವ್ಸ್ ಸದಸ್ಯತ್ವ ಗಳಿಸಿದ ಮೊದಲ ಮಹಿಳೆಯಾದಳು. ಈಗ ಪಟ್ಟಿಯಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಅವರನ್ನು ಮಂಜಿನಲ್ಲಿ ಕೈಹಿಡಿದು ದಾಟಿಸಿದವರ ಲೆಕ್ಕ ಹಾಕಲು ಹೊರಟರೆ ಅದು ಇದರ ಎಷ್ಟೋ ಪಟ್ಟು ಆದೀತು.

ಲೇಕ್ ಡಿಸ್ಟ್ರಿಕ್ಟ್ ಎಂದರೆ ವರ್ಡ್ಸ್‌ವರ್ತ್‌ನ ನಾಡು. ಶಾಲೆಯಲ್ಲಿ ಡ್ಯಾಫೊಡಿಲ್ ಹೂಗಳ ಪದ್ಯ ಬಾಯಿಪಾಠ ಮಾಡಿದ ನಮ್ಮವರಿಗೆ ಅದು ಸೌಮ್ಯವಾದ, ಕೆರೆದಂಡೆಯ ಊರಾಗಿ ಮನಸ್ಸಿನಲ್ಲಿ ಕೂತಿರುತ್ತದೆ. ಬೆಟ್ಟಗಳ ಎತ್ತರ ಕೇಳಿದರಂತೂ ನಗು ಬಂದೀತು. ಇಡೀ ಇಂಗ್ಲೆಂಡಿನಲ್ಲೇ ಎತ್ತರದ ಸ್ಕಾಫೆಲ್ ಪೈಕ್ 978 ಮೀಟರ್. ನಮ್ಮ ಚಿಕ್ಕಮಗಳೂರು ಪೇಟೆಯೇ ಅದಕ್ಕಿಂತ ಮೇಲಿದೆ. ಆದರೆ ಆ ಬೆಟ್ಟಗಳು ಏಳುವುದು ಹೆಚ್ಚುಕಡಿಮೆ ಸಮುದ್ರಮಟ್ಟದಿಂದ, ಅದೂ ಭೂಮಧ್ಯರೇಖೆಯಿಂದ 54 ಡಿಗ್ರಿಗೂ ಹೆಚ್ಚು ಉತ್ತರಕ್ಕೆ. ಅಟ್ಲಾಂಟಿಕ್ ಕಡೆಯಿಂದ ಬರುವ ತೇವದ ಗಾಳಿಗೆ ಎದುರಾಗುವ ಮೊದಲ ತಡೆಗಳಲ್ಲಿ ಅವೂ ಸೇರಿವೆ. ಹಾನಿಸ್ಟರ್ ಎಂಬ ಘಾಟಿಯಲ್ಲಿ 2015ರ ಡಿಸೆಂಬರಿನಲ್ಲಿ 24 ಗಂಟೆಯೊಳಗೆ 341.4 ಮಿಲಿಮೀಟರ್ ಮಳೆ ಬಿದ್ದು ಬ್ರಿಟನ್ನಿನ ದಾಖಲೆಯಾಯಿತು. ಬಾಬ್ ಗ್ರಹಾಂ ಓಟಗಾರರ ನಾಲ್ಕನೆಯ ಹಂತ ಮುಗಿಯುವುದು ಅದೇ ಘಾಟಿಯಲ್ಲಿ. ನೆತ್ತಿಗಳ ಮೇಲೆ ಮರ ಇಲ್ಲ, ಮರೆ ಇಲ್ಲ. ಕೆಳಗೆ ಪೇಟೆಯಲ್ಲಿ ಜನ ಐಸ್‌ಕ್ರೀಂ ತಿನ್ನುತ್ತಿರುವಾಗಲೇ ಮೇಲೆ ಹತ್ತು ಮೀಟರಿನಾಚೆ ಏನೂ ಕಾಣದಿರಬಹುದು. ಅಲ್ಲಿನ ಓಟಗಾರರು ಇದನ್ನು ಕ್ಲ್ಯಾಗ್ ಎನ್ನುತ್ತಾರೆ.

ಸುತ್ತು ಐದು ಹಂತಗಳಲ್ಲಿ ಸಾಗುತ್ತದೆ. ಕೆಸಿಕ್‌ನಿಂದ ಥ್ರೆಲ್ಕೆಲ್ಡ್‌ವರೆಗೆ ಮೂರು ಬೆಟ್ಟ, ಅಲ್ಲಿಂದ ಡನ್‌ಮೇಲ್ ರೇಸ್ ಎಂಬ ಹೆದ್ದಾರಿಯ ದಿಬ್ಬದವರೆಗೆ ಹನ್ನೆರಡು, ಮುಂದೆ ವಾಸ್ಡೇಲ್ ಕಣಿವೆಗೆ ಹದಿನೈದು, ಹಾನಿಸ್ಟರ್‌ಗೆ ಒಂಬತ್ತು, ಕೊನೆಗೆ ಕೆಸಿಕ್‌ಗೆ ಮೂರು. ಓಟಗಾರ ಬದಲಾಗುವುದಿಲ್ಲ, ಜೊತೆಗಾರರು ಹಂತಕ್ಕೊಮ್ಮೆ ಬದಲಾಗುತ್ತಾರೆ. ಅನುಕೂಲವಿದ್ದರೆ ಒಂದು ಹಂತಕ್ಕೆ ಮೂರು ನಾಲ್ಕು ಜನ. ಒಬ್ಬ ದಾರಿ ನೋಡುವವನು. ಒಬ್ಬ ಅನ್ನ, ನೀರು, ಒಣ ಬಟ್ಟೆಗಳ ಹೊರೆ ಹೊರುವವನು; ಓಟಗಾರನ ಬೆನ್ನ ಮೇಲೆ ಏನೂ ಇರಬಾರದು. ಇನ್ನೊಬ್ಬ ಚೀಟಿ ಹಿಡಿದು ಪ್ರತಿ ಶಿಖರದ ಸಮಯ ಬರೆಯುವವನು, ಮಳೆ ಜೋರಾದರೆ ಬರೆಯುವುದನ್ನು ಬಿಟ್ಟು ತಲೆಯಲ್ಲೇ ನೆನಪಿಟ್ಟುಕೊಳ್ಳುವವನು. ಇವರಿಗೆ ಸಂಬಳವಿಲ್ಲ. ಇವತ್ತು ನೀನು ನನಗೆ, ನಾಳೆ ನಾನು ಇನ್ನೊಬ್ಬರಿಗೆ ಎಂಬ ಲೆಕ್ಕದಲ್ಲಿ ಇದು ನಡೆದುಕೊಂಡು ಬಂದಿದೆ. ನಮ್ಮ ಮಲೆನಾಡಿನಲ್ಲಿ ನಾಟಿ ಸಮಯದ ಮುಯ್ಯಾಳಿನ ಹಾಗೆ, ತೀರಿಸುವುದು ಕೊಟ್ಟವರಿಗೇ ಆಗಬೇಕೆಂಬ ಹಟ ಮಾತ್ರ ಅಲ್ಲಿಲ್ಲ.

ಶುಭ್ರ ದಿನದಲ್ಲಿ ಜೊತೆಗಾರನ ಕೆಲಸ ಹರಟೆ ಹೊಡೆಯುವುದು, ತಿನ್ನಿಸುವುದು, ಗೇಟು ತೆಗೆಯುವುದು. ಮಂಜು ಇಳಿದರೆ ಶ್ರೇಣಿಯೇ ತಿರುಗಿ ಬೀಳುತ್ತದೆ. ಎಷ್ಟೇ ಗಟ್ಟಿ ಓಟಗಾರನಾದರೂ ಹಿಂದೆ ಬರುವವನಾಗುತ್ತಾನೆ. ನಕ್ಷೆ ಹಿಡಿದವನು ಹೇಳಿದ ದಿಕ್ಕೇ ದಿಕ್ಕು. ಇಲ್ಲಿ ಸಣ್ಣ ತಪ್ಪಿಗೂ ಬೆಲೆ ಇದೆ. ದಿಕ್ಸೂಚಿ ಹಿಡಿದು ನಡೆಯುವಾಗ ಐದು ಡಿಗ್ರಿ ಓರೆಯಾದರೆ ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ ಸುಮಾರು 87 ಮೀಟರ್ ಪಕ್ಕಕ್ಕೆ ಹೋಗಿರುತ್ತೀರಿ. ಹತ್ತು ಮೀಟರ್ ಕಾಣುವ ಜಾಗದಲ್ಲಿ 87 ಮೀಟರ್ ಎಂದರೆ ಬೇರೆ ಊರು. ಶಿಖರಕ್ಕೆ ಎರಡೇ ನಿಮಿಷ ತಡಕಾಡಿದರೂ 42 ಶಿಖರಕ್ಕೆ 84 ನಿಮಿಷ. 23 ಗಂಟೆಯ ವೇಳಾಪಟ್ಟಿ ಹಾಕಿಕೊಂಡು ಹೊರಟವನ ಕೈಯಲ್ಲಿ ಉಳಿತಾಯ ಇರುವುದು ಅರವತ್ತು ನಿಮಿಷ ಮಾತ್ರ.

ಆದ್ದರಿಂದ ಬಲ್ಲವರು ದಿಕ್ಸೂಚಿಯೊಂದನ್ನೇ ನಂಬಿ ಕಿಲೋಮೀಟರುಗಟ್ಟಲೆ ಹೋಗುವುದಿಲ್ಲ. ದಾರಿಯನ್ನು ತುಂಡು ಮಾಡುತ್ತಾರೆ. ಇಲ್ಲಿಂದ ಮುರಿದ ಕಲ್ಲುಗೋಡೆಯವರೆಗೆ, ಗೋಡೆಯ ಬದಿ ಹಿಡಿದು ತೊರೆಯವರೆಗೆ, ತೊರೆಯಿಂದ ನೇರ ಏರು. ನೆಲ ಏರುತ್ತಿದೆಯೋ ಇಳಿಯುತ್ತಿದೆಯೋ, ಎಡಕ್ಕೆ ವಾಲುತ್ತಿದೆಯೋ ಬಲಕ್ಕೋ ಎನ್ನುವುದನ್ನು ಪಾದವೇ ಹೇಳುತ್ತದೆ. ಅದನ್ನು ನಕ್ಷೆಯ ಸಮೋನ್ನತ ರೇಖೆಗಳ ಜೊತೆ ತಾಳೆ ನೋಡುತ್ತಲೇ ಇರಬೇಕು. ಹೆಜ್ಜೆ ಎಣಿಸುವವರಿದ್ದಾರೆ: ನೂರು ಮೀಟರಿಗೆ ತನ್ನ ಎಡಗಾಲು ಎಷ್ಟು ಸಲ ನೆಲ ಮುಟ್ಟುತ್ತದೆ ಎನ್ನುವುದು ಅವರಿಗೆ ಗೊತ್ತಿರುತ್ತದೆ, ಏರಿನಲ್ಲಿ ಎಷ್ಟು ಜಾಸ್ತಿಯಾಗುತ್ತದೆ ಎನ್ನುವುದೂ. ಗುರುತೇ ಇಲ್ಲದ ಬಯಲಿನಲ್ಲಿ ಒಬ್ಬನನ್ನು ಮುಂದೆ ಕಳಿಸುತ್ತಾರೆ. ಅವನು ಮಂಜಿನಲ್ಲಿ ಮರೆಯಾಗುವ ಅಂಚಿನಲ್ಲಿ ನಿಲ್ಲುತ್ತಾನೆ. ಹಿಂದಿನವನು ಸೂಜಿ ನೋಡಿ ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ ಎಂದು ಕೂಗುತ್ತಾನೆ. ಅವನು ಸರಿದು ನಿಂತ ಜಾಗಕ್ಕೆ ಉಳಿದವರು ಹೋಗುತ್ತಾರೆ. ಮತ್ತೆ ಅದೇ. ನಿಧಾನದ ಕೆಲಸ. ಆದರೆ ತಪ್ಪು ಕಣಿವೆಗೆ ಇಳಿದು ಮೇಲೆ ಹತ್ತಿ ಬರುವುದಕ್ಕಿಂತ ಬೇಗ.

ಬ್ರಿಟನ್ನಿನಲ್ಲಿ ಈಗ ನಕ್ಷೆಯ ಉತ್ತರಕ್ಕೂ ಸೂಜಿ ತೋರಿಸುವ ಉತ್ತರಕ್ಕೂ ವ್ಯತ್ಯಾಸ ಬಹಳ ಕಡಿಮೆ. ಹಿಂದಿನವರು ಲೆಕ್ಕದಲ್ಲಿ ಕೂಡಿ ಕಳೆಯಬೇಕಿದ್ದ ಡಿಗ್ರಿಗಳ ತಲೆನೋವು ಇವತ್ತಿನವರಿಗಿಲ್ಲ. ಅವರ ತಲೆನೋವು ಬೇರೆ: ಎದೆಯ ಜೇಬಿನ ಮೊಬೈಲ್ ಫೋನು. ಹತ್ತಿರ ಹಿಡಿದರೆ ಸೂಜಿ ಅಡ್ಡಾದಿಡ್ಡಿ ತಿರುಗುತ್ತದೆ. ಬಹಳ ಹೊತ್ತು ಒಟ್ಟಿಗೇ ಇಟ್ಟರೆ ಸೂಜಿಯ ಕಾಂತೀಯ ಗುಣವೇ ತಿರುವುಮುರುವಾಗಿ ಉತ್ತರದ ಜಾಗದಲ್ಲಿ ದಕ್ಷಿಣ ತೋರಿಸಬಹುದು. ಜಿಪಿಎಸ್ ಇದೆಯಲ್ಲ ಎನ್ನಬಹುದು. ಇದೆ, ಎಲ್ಲರ ಮುಂಗೈಯಲ್ಲೂ ಇದೆ. ಅದನ್ನು ಬೈಯುವ ಹಳಬರ ಗುಂಪಿಗೆ ನಾನು ಸೇರುವುದಿಲ್ಲ. ಜೀವ ಉಳಿಸುವ ಸಾಧನಕ್ಕೆ ಯಾಕೆ ಮಡಿ? ಆದರೆ ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ, ಒದ್ದೆ ಬೆರಳಿಗೆ ಪರದೆ ಓಗೊಡುವುದಿಲ್ಲ. ಅಲ್ಲದೆ ಗಡಿಯಾರದ ಗೆರೆ ನೀನು ದಾರಿ ಬಿಟ್ಟೆ ಎಂದು ಹೇಳುವುದು ಬಿಟ್ಟ ಮೇಲೆ. ನಕ್ಷೆ ತಲೆಯಲ್ಲಿರುವವನಿಗೆ ಅದು ಬಿಡುವ ಮೊದಲೇ ತಿಳಿಯುತ್ತದೆ.

ಎಲ್ಲಿ ಮೋಸ ಹೋಗುತ್ತೇವೆ ಎನ್ನುವುದು ಬೆಟ್ಟದಿಂದ ಬೆಟ್ಟಕ್ಕೆ ಬೇರೆ. ಎರಡನೆಯ ಹಂತದ ಹೆಲ್ವೆಲಿನ್ ಸಾಲಿನಲ್ಲಿ ಅಗಲವಾದ ದಾರಿಯೇ ಇದೆ, ಅದೇ ಅಪಾಯ. ನೆದರ್‌ಮೋಸ್ಟ್ ಪೈಕ್, ಡಾಲಿವ್ಯಾಗನ್ ಪೈಕ್ ಎಂಬ ಎರಡು ಶಿಖರಗಳನ್ನು ಪ್ರವಾಸಿಗರ ಕಾಲುದಾರಿ ಪಶ್ಚಿಮಕ್ಕೆ ಬಳಸಿಕೊಂಡು ಹೋಗುತ್ತದೆ. ಮಂಜಿನಲ್ಲಿ ದಾರಿಯನ್ನು ನಂಬಿ ನಡೆದವನು ಆರಾಮಾಗಿ ಮುಂದೆ ಸಾಗಿ, ಎರಡು ಬೆಟ್ಟ ತಪ್ಪಿಸಿಕೊಂಡಿರುತ್ತಾನೆ. ದಾರಿ ಬಿಟ್ಟು ಪೂರ್ವಕ್ಕೆ ತಿರುಗಿ ನೆತ್ತಿ ಮುಟ್ಟಬೇಕು, ಆದರೆ ಇನ್ನೂ ಪೂರ್ವಕ್ಕೆ ಹೋದರೆ ಕಡಿದಾದ ಬಂಡೆಯಂಚು. ಮೂರನೆಯ ಹಂತದ ಸಾರ್ಜೆಂಟ್ ಮ್ಯಾನ್, ಹೈ ರೇಸ್, ಥುನಕರ್ ನಾಟ್ ಸುತ್ತಮುತ್ತ ತದ್ವಿರುದ್ಧ: ಬಂಡೆಯಂಚಿನ ಭಯ ಕಡಿಮೆ, ಆದರೆ ಬೋಳು ಬಯಲು, ಜೌಗು, ಯಾವ ದಿಬ್ಬ ನಿಜವಾದ ನೆತ್ತಿ ಎಂದು ಹೇಳಲಾಗದ ಉಬ್ಬುಗಳು. ಗ್ರೇಟ್ ಎಂಡ್ ದಾಟಿದ ಮೇಲೆ ಇಲ್ ಕ್ರಾಗ್, ಬ್ರಾಡ್ ಕ್ರಾಗ್‌ಗಳಲ್ಲಿ ಬರೀ ಬಂಡೆರಾಶಿ. ಒದ್ದೆಯಾದಾಗ ಆ ಕಲ್ಲುಗಳ ಮೇಲಿನ ಪಾಚಿ ಎಣ್ಣೆಯಂತೆ ಜಾರುತ್ತದೆ. ಕಲ್ಲುಗುಪ್ಪೆಗಳೂ ಬೇಕಾದಷ್ಟಿವೆ, ಯಾವುದೋ ಕಾಲದಲ್ಲಿ ಯಾರೋ ದಾರಿ ತಪ್ಪಿದವನೇ ಕಟ್ಟಿದ್ದಿರಬಹುದೆಂಬ ಅನುಮಾನ ಹುಟ್ಟಿಸುವಷ್ಟು. ನಾಲ್ಕನೆಯ ಹಂತದ ಕೊನೆಗೆ ಬ್ರ್ಯಾಂಡ್ರೆತ್, ಗ್ರೇ ನಾಟ್ಸ್ ಬೆಟ್ಟಗಳ ತಂತಿಬೇಲಿ ಸಿಕ್ಕಾಗ ದಾರಿ ನೋಡುವವನಿಗೆ ಮೊದಲ ಬಾರಿ ನೆಮ್ಮದಿ. ಅದರ ಬದಿ ಹಿಡಿದರೆ ಹಾನಿಸ್ಟರ್.

ಈ ಜ್ಞಾನ ಪುಸ್ತಕದಿಂದ ಬರುವುದಿಲ್ಲ. ಚಳಿಗಾಲ, ವಸಂತಗಳ ವಾರಾಂತ್ಯಗಳಲ್ಲಿ ಒಂದೊಂದು ಹಂತವನ್ನು ಓಡಿ ನೋಡಿ, ಕುರಿಗಳ ಜಾಡಿನಷ್ಟೇ ಸಣ್ಣ ಗೆರೆಗಳನ್ನು ನೆನಪಿಟ್ಟುಕೊಳ್ಳಬೇಕು. ಸುಮ್ಮನೆ ಅಲ್ಲ ಅಲ್ಲಿನ ದೊಡ್ಡ ಓಟಗಾರರಲ್ಲಿ ಕೆಲವರು ಕುರಿ ಸಾಕುವವರಾಗಿದ್ದುದು. ವಾಸ್ಡೇಲ್ ಕಣಿವೆಯ ಕುರಿಗಾರ ಜಾಸ್ ನೇಲರ್ 1975ರಲ್ಲಿ 24 ಗಂಟೆಯೊಳಗೆ 72 ಶಿಖರ ಮುಟ್ಟಿದ. 2024ರಲ್ಲಿ 88ನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಕಣಿವೆಯ ಸುತ್ತಲಿನ ಕಲ್ಲು ಕಲ್ಲೂ ಅವನಿಗೆ ಕಸುಬಿನ ಭಾಗವಾಗಿತ್ತು.

ರಾತ್ರಿ ಬಂತೆಂದರೆ ಇನ್ನೊಂದು ಆಟ. ಹಣೆಗೆ ಕಟ್ಟಿದ ಟಾರ್ಚಿನ ಬೆಳಕು ಮಂಜಿನ ಹನಿಗಳಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ. ಎದುರಿಗೆ ಬಿಳಿ ಗೋಡೆ. ಬೆಳಕು ಹೆಚ್ಚಿಸಿದಷ್ಟೂ ಗೋಡೆ ದಪ್ಪವಾಗುತ್ತದೆ. ಉಪಾಯ ಸರಳ: ಟಾರ್ಚನ್ನು ಹಣೆಯಿಂದ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳುವುದು ಅಥವಾ ಮೊಣಕಾಲಿನ ಎತ್ತರಕ್ಕೆ ಕೈಯಲ್ಲಿ ಹಿಡಿಯುವುದು. ಬೆಳಕಿನ ಗೆರೆ ಕಣ್ಣಿನ ಗೆರೆಯಿಂದ ದೂರವಾದರೆ ನೆಲದ ಕಲ್ಲುಗಳಿಗೆ ನೆರಳು ಮೂಡಿ ಆಕಾರ ಬರುತ್ತದೆ. ಹೊಸಬರು ಇದನ್ನು ಯಾರಾದರೂ ಹೇಳಿಕೊಡುವವರೆಗೆ ಹೆಚ್ಚು ಬೆಳಕಿನ ಟಾರ್ಚಿಗೆ ದುಡ್ಡು ಸುರಿಯುತ್ತಲೇ ಇರುತ್ತಾರೆ.

ಹದಿನಾರು, ಹದಿನೇಳು ಗಂಟೆ ಕಳೆದ ಮೇಲೆ ಓಟಗಾರನ ತಲೆ ಅವನದಾಗಿ ಉಳಿದಿರುವುದಿಲ್ಲ. ಸಿಹಿ ತಿಂದು ತಿಂದು ಬಾಯಿ ಹುಣ್ಣಾಗಿರುತ್ತದೆ, ಹೊಟ್ಟೆ ತಿರುಗುತ್ತಿರುತ್ತದೆ. ಏನು ಬೇಕು ಎಂದು ಕೇಳಿದರೆ ಏನೂ ಬೇಡ ಎನ್ನುತ್ತಾನೆ. ಆದ್ದರಿಂದ ನುರಿತ ಜೊತೆಗಾರ ಕೇಳುವುದೇ ಇಲ್ಲ, ಕೈಗೆ ಕೊಡುತ್ತಾನೆ. ಡಬ್ಬಿಯ ಅನ್ನದ ಪಾಯಸ, ಪೀಚ್ ಹಣ್ಣಿನ ಹೋಳು, ಆಲೂಗಡ್ಡೆ, ಗುಳ್ಳೆ ಹೋದ ಕೋಲಾ, ಬಿಸಿ ಸೂಪು. ಅಗಿಯುವ ಶ್ರಮ ಕಡಿಮೆಯಿದ್ದಷ್ಟೂ ಒಳ್ಳೆಯದು. ಮಂಜಿನಲ್ಲಿ ಇದಕ್ಕೊಂದು ತೊಡಕು ಸೇರುತ್ತದೆ. ದಾರಿ ಹುಡುಕುವ ಗಡಿಬಿಡಿಯಲ್ಲಿ ಜೊತೆಗಾರರೇ ತಿನ್ನಿಸುವುದನ್ನು ಮರೆಯುತ್ತಾರೆ, ತಾವು ತಿನ್ನುವುದನ್ನಂತೂ ಪೂರ್ತಿ ಮರೆಯುತ್ತಾರೆ. ದಾರಿಯವನು ಬೇರೆ, ಊಟದವನು ಬೇರೆ ಇರಬೇಕೆನ್ನುವುದು ಇದಕ್ಕೇ.

ಚಳಿ ಮೊದಲು ಹಿಡಿಯುವುದು ಓಟಗಾರನನ್ನೇ ಆಗಬೇಕಿಲ್ಲ. ನೂರು ಮೀಟರ್ ಮೇಲಕ್ಕೆ ಹೋದಂತೆ ತಾಪಮಾನ ಅರ್ಧ ಡಿಗ್ರಿಗಿಂತ ಹೆಚ್ಚು ಇಳಿಯುತ್ತದೆ. ಒದ್ದೆ ಬಟ್ಟೆಗೆ ಗಾಳಿ ಹೊಡೆದರೆ ಜೂನ್ ತಿಂಗಳಲ್ಲೂ ಮೈ ನಡುಗುತ್ತದೆ. ಚೈತನ್ಯದಿಂದಿರುವ ಜೊತೆಗಾರ ದಣಿದವನ ನಿಧಾನಗತಿಗೆ ತನ್ನ ನಡಿಗೆಯನ್ನು ಇಳಿಸಿಕೊಂಡಿರುತ್ತಾನೆ. ದೇಹ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವಷ್ಟು ಓಡುತ್ತಿರುವುದಿಲ್ಲ. ನಕ್ಷೆ ಹಿಡಿದ ಬೆರಳು ಮರಗಟ್ಟುತ್ತವೆ, ನಂತರ ಮಾತು ತೊದಲುತ್ತದೆ, ನಂತರ ತೀರ್ಮಾನಗಳು. ದೇಹದೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ವೈದ್ಯರ ವಿಷಯ. ಮಂಜಿನಲ್ಲಿ ಇದು ಕಣ್ಣಿಗೆ ಬೀಳುವುದು ತಡ, ಎಲ್ಲರೂ ತಲೆಗವಸು ಎಳೆದುಕೊಂಡು ಸಾಲಾಗಿ ಹೋಗುತ್ತಿರುತ್ತಾರೆ. ಆಗಾಗ ಹೆಸರು ಹಿಡಿದು ಕೂಗಿ ಉತ್ತರ ಪಡೆಯುವ ರೂಢಿ ಬಂದದ್ದು ಹೀಗೆ. ಒಬ್ಬ ಜೊತೆಗಾರ ಹಿಂದೆ ಬಿದ್ದರೆ ಅವನ ಜೊತೆ ಯಾರು ಇಳಿಯುವುದು ಎಂಬುದನ್ನು ಹೊರಡುವ ಮೊದಲೇ ಮಾತಾಡಿಕೊಂಡಿರಬೇಕು. ನೆತ್ತಿಯ ಮೇಲೆ ಚರ್ಚೆ ಮಾಡಲು ಕೂತರೆ ಎಲ್ಲರೂ ತಣ್ಣಗಾಗುತ್ತಾರೆ. ಎಲ್ಲರ ಚೀಲದಲ್ಲೂ ಒಂದು ಸೀಟಿ ಇರುತ್ತದೆ: ನಿಮಿಷದಲ್ಲಿ ಆರು ಬಾರಿ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು. ಮೂರು ಬಾರಿ ಊದಿದ ಸದ್ದು ಕೇಳಿದರೆ ಉತ್ತರ ಬಂತೆಂದು ಅರ್ಥ. ಅದಕ್ಕೆ ಓಗೊಟ್ಟು ಮೇಲೆ ಬರುವ ಪರ್ವತ ರಕ್ಷಣಾ ತಂಡಗಳವರೂ ಸಂಬಳವಿಲ್ಲದ ಸ್ವಯಂಸೇವಕರೇ.

ಸ್ಕಾಫೆಲ್ ಪೈಕ್ ಮತ್ತು ಸ್ಕಾಫೆಲ್ ನಡುವೆ ಬ್ರಾಡ್ ಸ್ಟ್ಯಾಂಡ್ ಎಂಬ ಬಂಡೆಮೆಟ್ಟಿಲು ಸಿಗುತ್ತದೆ. 1802ರಲ್ಲಿ ಕವಿ ಕೋಲ್‌ರಿಜ್ ಮುಂದೇನಿದೆ ಎಂದು ನೋಡದೆ ಒಂದೊಂದೇ ಅಂಚಿನಿಂದ ಕೆಳಕ್ಕೆ ಜಾರಿ ಇದನ್ನೇ ಇಳಿದಿದ್ದ, ಬದುಕಿ ಉಳಿದದ್ದು ಪುಣ್ಯ. ಬಾಬ್ ಗ್ರಹಾಂ ಓಟಗಾರರು ಇದನ್ನು ಹತ್ತಿದರೆ ಬಳಸುದಾರಿಯ ಸಮಯ ಉಳಿಯುತ್ತದೆ. ಹಾಗಾಗಿ ಒಂದಿಬ್ಬರು ಗೆಳೆಯರು ಹಗ್ಗದೊಂದಿಗೆ ಮೊದಲೇ ಅಲ್ಲಿಗೆ ಹೋಗಿ, ಬಂಡೆಯ ಮರೆಯಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ. ಇಡೀ ಸುತ್ತಿನಲ್ಲಿ ಅತ್ಯಂತ ಕೃತಜ್ಞತೆಯಿಲ್ಲದ ಕೆಲಸ ಇದೇ ಇರಬೇಕು. ಓಟಗಾರ ಬಂದು, ಹಗ್ಗ ಹಿಡಿದು, ಐದು ಹತ್ತು ನಿಮಿಷದಲ್ಲಿ ಮೇಲೆ ಹೋಗಿಬಿಡುತ್ತಾನೆ. ಬಂಡೆ ತೀರ ಒದ್ದೆಯಾಗಿದ್ದರೆ ಹಗ್ಗ ಬಿಚ್ಚದೆ ಫಾಕ್ಸಸ್ ಟಾರ್ನ್ ಕಡೆಯಿಂದ ಸುತ್ತಿಕೊಂಡು ಹೋಗುವುದೇ ಜಾಣತನ.

ರಸ್ತೆಯಲ್ಲಿ ಕಾರಿನೊಂದಿಗೆ ಕಾಯುವವರ ಪಾಡು ಬೇರೆ. ಕೆಸಿಕ್‌ನಿಂದ ವಾಸ್ಡೇಲ್‌ಗೆ ರಸ್ತೆ ಬೆಟ್ಟಗಳನ್ನೆಲ್ಲ ದೂರದಿಂದ ಬಳಸಿ ಹೋಗುತ್ತದೆ, ಕಣಿವೆ ತಲುಪಿದರೆ ಫೋನಿಗೆ ಸಿಗ್ನಲ್ ಇರುವುದೇ ಅಪರೂಪ. ಈಗ ಓಟಗಾರನ ಜೊತೆ ಟ್ರ್ಯಾಕರ್ ಕಳಿಸುತ್ತಾರೆ, ಪರದೆಯ ಮೇಲೆ ಒಂದು ಚುಕ್ಕೆ ಚಲಿಸುತ್ತದೆ. ಚುಕ್ಕೆ ನಿಂತರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಬಹಳ ಸಲ ನಿಂತಿರುವುದು ಚುಕ್ಕೆ ಮಾತ್ರ, ಮನುಷ್ಯ ಮುಂದೆ ಹೋಗಿರುತ್ತಾನೆ. ಒಲೆಯ ಮೇಲೆ ನೀರು ಕುದಿಸಿ, ಆರಿಸಿ, ಮತ್ತೆ ಕುದಿಸುವುದು ಅವರ ಕಾಯಕ.

ಮತ್ತೆ ಅವರಲ್ಲೇ ಒಬ್ಬರು ಕೊನೆಗೆ ಸಾಕು ಎಂಬ ಮಾತನ್ನು ಹೇಳಬೇಕಾಗುತ್ತದೆ. ವರ್ಷವಿಡೀ ತಯಾರಾದವನು ತಾನಾಗಿ ಹೇಳಲಾರ. ವೇಳಾಪಟ್ಟಿಗಿಂತ ನಲವತ್ತು ನಿಮಿಷ ಹಿಂದೆ, ಮುಂದೆ ಯೂಬ್ಯಾರೋ ಎಂಬ ನೆಟ್ಟಗಿನ ಏರು, ಮೇಲೆ ಮಂಜು ಕರಗುವ ಲಕ್ಷಣವಿಲ್ಲ. ವಾಸ್ಡೇಲ್‌ನಲ್ಲಿ ನಿಲ್ಲಿಸಿದವರ ಸಂಖ್ಯೆ ದೊಡ್ಡದೇ ಇರಬೇಕು. ಒಳ್ಳೆಯ ಜೊತೆಗಾರ ಇಲ್ಲಿ ಎರಡು ಬಗೆಯ ದಣಿವನ್ನು ಬೇರೆ ಮಾಡಬಲ್ಲವನಾಗಿರಬೇಕು: ತಿಂದು ಹತ್ತು ನಿಮಿಷ ಕೂತರೆ ಹೋಗುವುದು, ಮತ್ತು ಹೋಗದಿರುವುದು. ಮೊದಲನೆಯದಕ್ಕೆ ಕರುಣೆ ತೋರಿಸಿದರೆ ಓಟಗಾರ ಜೀವನಪೂರ್ತಿ ಶಪಿಸುತ್ತಾನೆ. ಎರಡನೆಯದನ್ನು ಗುರುತಿಸದಿದ್ದರೆ ಶಪಿಸಲು ಅವನಿರುವುದಿಲ್ಲ.

ಇತ್ತೀಚೆಗೆ ಒಬ್ಬರೇ, ಎಲ್ಲ ಹೊರೆ ತಾವೇ ಹೊತ್ತು ಸುತ್ತು ಮುಗಿಸುವವರು ಹೆಚ್ಚಿದ್ದಾರೆ. ಅದು ಹೆಚ್ಚು ಶುದ್ಧ ಎಂಬ ವಾದವಿದೆ. ಒಬ್ಬಂಟಿ ಸಾಹಸಕ್ಕೆ ನನ್ನ ಗೌರವವಿದೆ, ಶುದ್ಧತೆಯ ವಾದಕ್ಕಿಲ್ಲ. ಬಾಬ್ ಗ್ರಹಾಂ ತಾನೇ ಜೊತೆಗಾರರೊಂದಿಗೆ ಓಡಿದವನು. 1982ರಲ್ಲಿ ಬಿಲ್ಲಿ ಬ್ಲ್ಯಾಂಡ್ 13 ಗಂಟೆ 53 ನಿಮಿಷದಲ್ಲಿ ಮುಗಿಸಿದ ದಾಖಲೆ 36 ವರ್ಷ ಉಳಿಯಿತು. ಅದನ್ನು 2018ರ ಜುಲೈನಲ್ಲಿ ಮುರಿದ ಕಿಲಿಯನ್ ಜೋರ್ನೆಟ್ ಜಗತ್ತಿನ ಅತಿ ಪ್ರಸಿದ್ಧ ಪರ್ವತ ಓಟಗಾರ. 12 ಗಂಟೆ 52 ನಿಮಿಷದ ಆ ಓಟದಲ್ಲಿ ಅವನಿಗೂ ಜೊತೆಯಿದ್ದವರು ಊರಿನ ಓಟಗಾರರೇ. ಮೂಟ್ ಹಾಲ್ ಮೆಟ್ಟಿಲ ಬಳಿ ಕೈಕುಲುಕಲು ಬಿಲ್ಲಿ ಬ್ಲ್ಯಾಂಡ್ ನಿಂತಿದ್ದ. 2022ರಲ್ಲಿ ಜ್ಯಾಕ್ ಕುನ್ಸಲ್ ಆ ಸಮಯವನ್ನೂ 12 ಗಂಟೆ 23 ನಿಮಿಷಕ್ಕೆ ಇಳಿಸಿದ. ಮಹಿಳೆಯರಲ್ಲಿ ಬೆತ್ ಪ್ಯಾಸ್ಕಲ್ 2020ರಲ್ಲಿ 14 ಗಂಟೆ 34 ನಿಮಿಷದಲ್ಲಿ ಬಂದಳು.

ಇಂಥ ದಾಖಲೆಗಳು ಬರುವುದು ಬಹುಮಟ್ಟಿಗೆ ಶುಭ್ರ ದಿನಗಳಲ್ಲಿ, ಹವಾಮಾನಕ್ಕಾಗಿ ಕಾದು. ಕಚೇರಿ, ಮಕ್ಕಳ ಶಾಲೆ, ಜೊತೆಗಾರರ ರಜೆ ಎಲ್ಲ ಹೊಂದಿಸಿ ತಿಂಗಳುಗಟ್ಟಲೆ ಮೊದಲೇ ದಿನ ಗೊತ್ತು ಮಾಡುವ ಸಾಮಾನ್ಯ ಓಟಗಾರರಿಗೆ ಆ ಭಾಗ್ಯವಿಲ್ಲ. ಅವರ ಪಾಲಿಗೆ ಬಂದದ್ದು ಬಂತು. 23 ಗಂಟೆ 50 ನಿಮಿಷಕ್ಕೆ ಮೂಟ್ ಹಾಲ್ ಬಾಗಿಲು ಮುಟ್ಟಿದವನು ಕ್ಲಬ್ಬಿಗೆ ಕಳಿಸುವ ವಿವರದಲ್ಲಿ ಪ್ರತಿ ಶಿಖರದ ಸಮಯವನ್ನೂ, ಅಲ್ಲಿ ಜೊತೆಗಿದ್ದವರ ಹೆಸರನ್ನೂ ತುಂಬಬೇಕು. ಅದಾದ ಮೇಲೆ ಅವನ ಉಗುರುಗಳು ಉದುರಿ ಮತ್ತೆ ಬೆಳೆಯುವ ಹೊತ್ತಿಗೆ ಫೋನು ಬರುತ್ತದೆ. ಮುಂದಿನ ಶನಿವಾರ, ಮೂರನೆಯ ಹಂತಕ್ಕೆ ದಾರಿ ನೋಡುವವರು ಬೇಕು, ಡನ್‌ಮೇಲ್ ಬಿಡುವುದು ರಾತ್ರಿ ಎರಡಕ್ಕೆ, ಮುನ್ಸೂಚನೆ ಅಷ್ಟೇನೂ ಚೆನ್ನಾಗಿಲ್ಲ, ಬರ್ತೀಯಾ?